ಓಎಂಆರ್ ಹಾಳೆಯಿಂದ ಪರದೆಗೆ: ಕಂಪ್ಯೂಟರ್ ಪರೀಕ್ಷೆಗೆ ಶಾಲೆ, ಕಾಲೇಜುಗಳ ತಯಾರಿ

ಕಂಪ್ಯೂಟರ್ ಆಧಾರಿತ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ವಿದ್ಯಾರ್ಥಿಯ ಕೈಗೆ ಬರುವುದೇ ಇಲ್ಲ. ಪ್ರಶ್ನೆಗಳು ಪರದೆಯ ಮೇಲೆ ಒಂದೊಂದಾಗಿ ಮೂಡುತ್ತವೆ, ಉತ್ತರವನ್ನು ಮೌಸ್ ಒತ್ತಿ ಉಳಿಸಬೇಕು, ಸಮಯ ಮುಗಿದ ಕ್ಷಣ ಪರದೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಪಿಯುಸಿ ಮುಗಿಸುವ ವಿದ್ಯಾರ್ಥಿಗಳ ಮುಂದಿರುವ ದೊಡ್ಡ ಪರೀಕ್ಷೆಗಳಲ್ಲಿ ಹಲವು ಈಗ ಈ ಬಗೆಯವು. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಜೆಇಇ ಮೇನ್ 2019ರ ಜನವರಿಯಿಂದ ಪೂರ್ತಿಯಾಗಿ ಕಂಪ್ಯೂಟರ್‌ನಲ್ಲೇ ನಡೆಯುತ್ತಿದೆ. ಜೆಇಇ ಅಡ್ವಾನ್ಸ್ಡ್ ಅದಕ್ಕೂ ಒಂದು ವರ್ಷ ಮೊದಲೇ ಪರದೆಗೆ ಹೋಗಿತ್ತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಲ್ಲಿ ಬಂದ ಸಿಯುಇಟಿ, ಒಂದು ವರ್ಷ ಕಾಗದ ಮತ್ತು ಕಂಪ್ಯೂಟರ್ ಎರಡನ್ನೂ ಬೆರೆಸಿ ನೋಡಿ, 2025ರಲ್ಲಿ ಮತ್ತೆ ಪೂರ್ತಿ ಕಂಪ್ಯೂಟರ್‌ಗೆ ಮರಳಿತು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್-ಕೆ ಪರೀಕ್ಷೆಯೂ ಪರದೆಯ ಮೇಲೆಯೇ. ಪದವಿ ಮುಗಿಸಿ ಬ್ಯಾಂಕು, ರೈಲ್ವೆ, ಸ್ಟಾಫ್ ಸೆಲೆಕ್ಷನ್ ಕಮಿಷನ್ ನೌಕರಿಗೆ ಅರ್ಜಿ ಹಾಕುವವರಿಗಂತೂ ಬೇರೆ ದಾರಿಯೇ ಇಲ್ಲ.

ಎಲ್ಲವೂ ಬದಲಾಗಿಲ್ಲ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಪರೀಕ್ಷೆಗಳು ಉತ್ತರ ಪತ್ರಿಕೆಯ ಮೇಲೆಯೇ ನಡೆಯುತ್ತವೆ. ರಾಜ್ಯದ ಸಿಇಟಿ ಮತ್ತು ವೈದ್ಯಕೀಯದ ನೀಟ್ 2025ರಲ್ಲೂ ಓಎಂಆರ್ ಹಾಳೆಯನ್ನೇ ಬಳಸಿದವು. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯಲ್ಲಿರುವ ಜವಾಹರ್ ನವೋದಯ ವಿದ್ಯಾಲಯಕ್ಕೆ ಆರನೇ ತರಗತಿ ಸೇರುವ ಮಕ್ಕಳು ಬರೆಯುವುದೂ ಓಎಂಆರ್ ಪರೀಕ್ಷೆಯನ್ನೇ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. 2024ರ ನೀಟ್ ಗೊಂದಲದ ನಂತರ ಕೇಂದ್ರ ಸರ್ಕಾರ ನೇಮಿಸಿದ, ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದ ಸಮಿತಿ ಪ್ರವೇಶ ಪರೀಕ್ಷೆಗಳನ್ನು ಸಾಧ್ಯವಾದಷ್ಟೂ ಕಂಪ್ಯೂಟರ್‌ಗೆ ಒಯ್ಯಬೇಕೆಂದೇ ಶಿಫಾರಸು ಮಾಡಿತು.

ಕಾಗದದ ಪರೀಕ್ಷೆಯಲ್ಲಿ ಹಾಸನ ಜಿಲ್ಲೆ ಹಿಂದೆ ಬಿದ್ದದ್ದಲ್ಲ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 89.33 ಫಲಿತಾಂಶದೊಂದಿಗೆ ಅದು ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಘಟಕ ಪರೀಕ್ಷೆ, ಸರಣಿ ಪರೀಕ್ಷೆ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಬಿಡಿಸುವುದು, ಸಂಜೆಯ ವಿಶೇಷ ತರಗತಿ ಎಲ್ಲವೂ ಇಲ್ಲಿನ ಶಿಕ್ಷಕರಿಗೆ ಕರತಲಾಮಲಕ. ಆ ಶಿಸ್ತನ್ನು ಪರದೆಗೆ ಹೊಂದಿಸುವುದಷ್ಟೇ ಬಾಕಿ.

ಈ ಹೊಂದಿಕೆ ತಾನಾಗಿ ಆಗುವುದಿಲ್ಲ ಎಂಬುದಕ್ಕೆ ಹೊರದೇಶದ ಅನುಭವವೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2015 ಮತ್ತು 2016ರಲ್ಲಿ ಪಾರ್ಕ್ ಎಂಬ ಹೊಸ ಸಾಮಾನ್ಯ ಪರೀಕ್ಷೆಯನ್ನು ಕೆಲವು ಶಾಲೆಗಳು ಕಾಗದದಲ್ಲಿ, ಕೆಲವು ಕಂಪ್ಯೂಟರ್‌ನಲ್ಲಿ ನಡೆಸಿದವು. ಫಲಿತಾಂಶ ಹೋಲಿಸಿದಾಗ ಕಂಪ್ಯೂಟರ್‌ನಲ್ಲಿ ಬರೆದ ಮಕ್ಕಳು ಹಿಂದೆ ಬಿದ್ದಿದ್ದರು. ಗಣಿತಕ್ಕಿಂತ ಭಾಷಾ ವಿಷಯದಲ್ಲಿ ಅಂತರ ಹೆಚ್ಚಿತ್ತು. ಎರಡನೇ ವರ್ಷ ಆ ಅಂತರ ಕಡಿಮೆಯಾಯಿತು. ಪಾಠ ಒಂದೇ ಆಗಿದ್ದರೂ ಪರದೆಯ ಅಪರಿಚಯವೇ ಅಂಕ ತಿಂದಿತ್ತು, ಪರಿಚಯ ಬೆಳೆದಂತೆ ಅದರಲ್ಲಿ ಒಂದಿಷ್ಟು ಮರಳಿ ಬಂತು. ಶಾಲೆಯ ಕೈಯಲ್ಲಿರುವುದು ಈ ಅಪರಿಚಯವನ್ನು ಮೊದಲೇ ಕಳೆಯುವುದು. ಅದಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ, ವೇಳಾಪಟ್ಟಿ ಬೇಕು.

ಕೇಂದ್ರದೊಳಗೆ ಏನು ನಡೆಯುತ್ತದೆ

ಆನ್‌ಲೈನ್ ಪರೀಕ್ಷೆ ಎಂದ ಕೂಡಲೇ ಇಂಟರ್‌ನೆಟ್ ಹೋದರೆ ಪರೀಕ್ಷೆಯೇ ಹೋಯಿತು ಎಂಬ ಭಯ ಪೋಷಕರಲ್ಲಿದೆ. ನಿಜವಾಗಿ ವಿದ್ಯಾರ್ಥಿಯ ಯಂತ್ರ ಮಾತನಾಡುವುದು ಅದೇ ಕಟ್ಟಡದಲ್ಲಿರುವ ಸರ್ವರ್ ಜೊತೆ. ಗೂಢಲಿಪಿಯಲ್ಲಿ ಬರುವ ಪ್ರಶ್ನೆಪತ್ರಿಕೆ ಆ ಸರ್ವರ್‌ನಲ್ಲಿ ಇಳಿದು, ಅಲ್ಲಿಂದ ಕೇಬಲ್ ಮೂಲಕ ಒಂದೊಂದು ಪರದೆಗೂ ಹೋಗುತ್ತದೆ. ಉಳಿಸಿದ ಪ್ರತಿ ಉತ್ತರ, ಕಳೆದ ಪ್ರತಿ ನಿಮಿಷ ಸರ್ವರ್‌ನಲ್ಲಿ ದಾಖಲಾಗುತ್ತದೆ. ಯಂತ್ರ ನಡುವೆ ಕೆಟ್ಟರೆ ವಿದ್ಯಾರ್ಥಿಯನ್ನು ಬೇರೆ ಯಂತ್ರಕ್ಕೆ ಕೂರಿಸುತ್ತಾರೆ. ಉಳಿಸಿದ ಉತ್ತರಗಳೂ ಉಳಿದಿದ್ದ ಸಮಯವೂ ಅಲ್ಲಿ ಹಾಗೆಯೇ ತೆರೆದುಕೊಳ್ಳುತ್ತವೆ. ಈ ಒಂದು ಸಂಗತಿ ಮೊದಲೇ ಗೊತ್ತಿದ್ದರೆ ಪರದೆ ಕಪ್ಪಾದಾಗ ವಿದ್ಯಾರ್ಥಿಯ ಎದೆ ಒಡೆಯುವುದಿಲ್ಲ. ಕೈ ಎತ್ತಿ ಕೊಠಡಿ ಮೇಲ್ವಿಚಾರಕರನ್ನು ಕರೆಯಬೇಕು, ತಾನೇ ಕೇಬಲ್ ಎಳೆಯುವುದು, ಗುಂಡಿ ಒತ್ತುವುದು ಮಾಡಬಾರದು.

ಪರದೆಯ ಬಲಭಾಗದಲ್ಲಿ ಪ್ರಶ್ನೆ ಸಂಖ್ಯೆಗಳ ಫಲಕವಿರುತ್ತದೆ. ಎನ್‌ಟಿಎ ಪರೀಕ್ಷೆಗಳಲ್ಲಿ ಬೂದು ಬಣ್ಣವೆಂದರೆ ಆ ಪ್ರಶ್ನೆಯನ್ನು ಇನ್ನೂ ತೆರೆದಿಲ್ಲ, ಕೆಂಪೆಂದರೆ ತೆರೆದು ಉತ್ತರಿಸದೆ ಬಿಟ್ಟಿದೆ, ಹಸಿರೆಂದರೆ ಉತ್ತರ ಉಳಿದಿದೆ. ನೇರಳೆ ಬಣ್ಣ ಮತ್ತೆ ನೋಡಲು ಗುರುತು ಹಾಕಿಟ್ಟದ್ದು. ನೇರಳೆಯ ಮೇಲೆ ಸಣ್ಣ ಹಸಿರು ಗುರುತಿದ್ದರೆ ಉತ್ತರವೂ ಇದೆ, ಅದು ಮೌಲ್ಯಮಾಪನಕ್ಕೂ ಹೋಗುತ್ತದೆ. ಬರೀ ನೇರಳೆಯಾದರೆ ಏನೂ ಉಳಿದಿಲ್ಲ. ಇಲ್ಲಿ ಅತಿ ಹೆಚ್ಚು ನಡೆಯುವ ಎಡವಟ್ಟು ಇನ್ನೊಂದು: ಆಯ್ಕೆಯ ಮೇಲೆ ಚುಕ್ಕೆ ಇಟ್ಟು, ‘ಸೇವ್ ಆ್ಯಂಡ್ ನೆಕ್ಸ್ಟ್’ ಒತ್ತದೆ, ಫಲಕದಲ್ಲಿ ಬೇರೆ ಸಂಖ್ಯೆಯ ಮೇಲೆ ನೇರವಾಗಿ ಹಾರುವುದು. ಆ ಉತ್ತರ ಉಳಿಯುವುದಿಲ್ಲ. ಓಎಂಆರ್ ಹಾಳೆಯಲ್ಲಿ ಒಮ್ಮೆ ತುಂಬಿದ ವೃತ್ತವನ್ನು ಅಳಿಸಲಾಗದು ಎಂಬ ಭಯವಿದ್ದರೆ, ಇಲ್ಲಿ ತುಂಬಿದೆ ಎಂದುಕೊಂಡದ್ದು ತುಂಬದೇ ಇರುವ ಅಪಾಯ. ಒಳ್ಳೆಯ ಸುದ್ದಿಯೆಂದರೆ, ಉಳಿಸಿದ ಉತ್ತರವನ್ನು ಸಮಯ ಇರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಎಲ್ಲ ಪರೀಕ್ಷೆಯಲ್ಲೂ ಈ ಸ್ವಾತಂತ್ರ್ಯ ಒಂದೇ ತೆರನಲ್ಲ. ಐಬಿಪಿಎಸ್ ನಡೆಸುವ ಬ್ಯಾಂಕ್ ಪೂರ್ವಭಾವಿ ಪರೀಕ್ಷೆಯಲ್ಲಿ ನೂರು ಪ್ರಶ್ನೆಗೆ ಒಂದು ಗಂಟೆ, ಅದರಲ್ಲೂ ಮೂರು ವಿಭಾಗಕ್ಕೆ ತಲಾ 20 ನಿಮಿಷ ಕಟ್ಟಿಟ್ಟದ್ದು. ಒಂದು ವಿಭಾಗದ ಬಾಗಿಲು ಮುಚ್ಚಿದರೆ ಹಿಂದಕ್ಕೆ ಹೋಗಲಾಗದು. ಜೆಇಇ ಮೇನ್‌ನಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ನಡುವೆ ಹೇಗೆ ಬೇಕಾದರೂ ಓಡಾಡಬಹುದು.

ಲ್ಯಾಬ್ ಎಂಬ ಬೀಗ ಹಾಕಿದ ಕೋಣೆ

ಸರ್ಕಾರಿ ಪ್ರೌಢಶಾಲೆಗಳಿಗೆ ಐಸಿಟಿ ಯೋಜನೆಯಡಿ ಕಂಪ್ಯೂಟರ್ ಬಂದು ಎರಡು ದಶಕ ದಾಟಿದೆ. ಹಲವೆಡೆ ಯಂತ್ರವಿದೆ, ಬಳಕೆಯಿಲ್ಲ. ಕಂಪ್ಯೂಟರ್ ಕೆಟ್ಟರೆ ಜವಾಬ್ದಾರಿ ಯಾರದು ಎಂಬ ಹೆದರಿಕೆಯಿಂದ ಬೀಗ, ಬೀಗ ಹಾಕಿದ್ದರಿಂದಲೇ ಕೆಡುವ ಯಂತ್ರ. ಆದ್ದರಿಂದ ತಯಾರಿಯ ಮೊದಲ ಹೆಜ್ಜೆ ಜೂನ್ ತಿಂಗಳ ಲೆಕ್ಕ ತಪಾಸಣೆ. ಎಷ್ಟು ಯಂತ್ರ ಚಾಲೂ ಆಗುತ್ತವೆ, ಎಷ್ಟು ಮೌಸ್ ಸರಿಯಾಗಿ ಒತ್ತುತ್ತವೆ, ಯುಪಿಎಸ್ ಎಷ್ಟು ನಿಮಿಷ ಎಳೆಯುತ್ತದೆ ಎಂಬುದನ್ನು ದಾಖಲೆ ಪುಸ್ತಕ ನೋಡಿಯಲ್ಲ, ಯಂತ್ರಗಳನ್ನು ಒಟ್ಟಿಗೆ ಹಚ್ಚಿ ನೋಡಿಯೇ ಬರೆಯಬೇಕು. ಕಾಗದದ ಮೇಲೆ ಹದಿನೈದಿರುವ ಯಂತ್ರ ಕೋಣೆಯಲ್ಲಿ ಎಂಟಾಗಿರುವುದು ಅಪರೂಪವಲ್ಲ. ಮೌಸ್, ಕೀಬೋರ್ಡ್‌ನಂಥ ಸಣ್ಣ ಬಿಡಿಭಾಗಗಳಿಗೆ ಇಲಾಖೆಯ ಅನುದಾನ ಕಾಯುವುದಕ್ಕಿಂತ ಎಸ್‌ಡಿಎಂಸಿ ಸಭೆಯಲ್ಲಿಟ್ಟು ಹಳೆಯ ವಿದ್ಯಾರ್ಥಿಗಳಿಂದ ಪಡೆಯುವುದು ಬೇಗ ಆಗುವ ಕೆಲಸ.

ವಿದ್ಯುತ್ತಿನ ಮಾತು ಬೇರೆಯೇ. ಜಿಲ್ಲೆಗೆ ಕರೆಂಟು ಕೊಡುವ ಸೆಸ್ಕ್, ಮಾರ್ಗದ ಕಾಮಗಾರಿಗಾಗಿ ವಿದ್ಯುತ್ ನಿಲ್ಲಿಸುವ ದಿನಗಳನ್ನು ಪತ್ರಿಕೆಗಳಲ್ಲಿ ಮೊದಲೇ ಪ್ರಕಟಿಸುತ್ತದೆ. ಅಭ್ಯಾಸ ಪರೀಕ್ಷೆಯ ದಿನ ಗೊತ್ತು ಮಾಡುವ ಮುನ್ನ ಅದನ್ನು ನೋಡಿದರೆ ಅರ್ಧ ತಲೆನೋವು ಕಳೆಯುತ್ತದೆ. ಯುಪಿಎಸ್ ಬ್ಯಾಟರಿ ನಾಲ್ಕೈದು ವರ್ಷ ಕಳೆದಿದ್ದರೆ ಅದನ್ನು ನಂಬಬಾರದು. ಅರಕಲಗೂಡಿನ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತಕ್ಕೆ ಮೊದಲು ಸುಡುವುದು ನೆಟ್‌ವರ್ಕ್ ಸ್ವಿಚ್. ಸಂಜೆ ಲ್ಯಾಬ್ ಮುಚ್ಚುವಾಗ ಮುಖ್ಯ ಪ್ಲಗ್ಗಿನ ಜೊತೆಗೆ ಹೊರಗಿನಿಂದ ಬರುವ ಕೇಬಲ್ಲನ್ನೂ ಕಳಚಿಡುವ ರೂಢಿ ಮಾಡಬೇಕು. ಚನ್ನರಾಯಪಟ್ಟಣದಂಥ ಒಣ ಸೀಮೆಯಲ್ಲಿ ಬೇಸಿಗೆಯ ತೊಂದರೆ ಅರ್ಥಿಂಗ್‌ನದು. ಅರ್ಥಿಂಗ್ ಗುಂಡಿ ಒಣಗಿದರೆ ಯಂತ್ರ ಮುಟ್ಟಿದಾಗ ಜುಮ್ಮೆನ್ನುತ್ತದೆ, ಮಕ್ಕಳು ಹೆದರಿ ದೂರ ಸರಿಯುತ್ತಾರೆ. ವಾರಕ್ಕೊಮ್ಮೆ ಗುಂಡಿಗೆ ಒಂದೆರಡು ಕೊಡ ನೀರು ಹಾಕುವುದು ಜವಾನರ ಕೆಲಸದ ಪಟ್ಟಿಗೆ ಸೇರಬೇಕು.

ಹತ್ತು ಯಂತ್ರ, ಅರವತ್ತು ವಿದ್ಯಾರ್ಥಿಗಳಿದ್ದರೆ ಏನು ಮಾಡುವುದು? ಹತ್ತರಂತೆ ಆರು ತಂಡ ಮಾಡಿ, ಒಂದು ತಂಡಕ್ಕೆ ವಾರದಲ್ಲಿ ಒಂದು ಗಂಟೆ ಎಂದರೆ ಲ್ಯಾಬ್ ವಾರಕ್ಕೆ ಆರು ಗಂಟೆ ತೆರೆದಿರಬೇಕು, ಅಷ್ಟೇ. ಜುಲೈನಿಂದ ಡಿಸೆಂಬರ್‌ವರೆಗೆ ರಜೆ, ಹಬ್ಬ, ಪರೀಕ್ಷೆ ಕಳೆದು ಇಪ್ಪತ್ತು ವಾರ ಸಿಕ್ಕರೆ ಒಬ್ಬೊಬ್ಬರಿಗೂ ಇಪ್ಪತ್ತು ಗಂಟೆ ಪರದೆಯ ಅಭ್ಯಾಸ. ಮೂರು ಗಂಟೆಯ ಪೂರ್ಣ ಮಾದರಿ ಪರೀಕ್ಷೆಗೆ ಮಾತ್ರ ಭಾನುವಾರ ಬೇಕಾಗುತ್ತದೆ. ಈ ಲೆಕ್ಕ ಕೆಡುವುದು ಯಂತ್ರದ ಕೊರತೆಯಿಂದಲ್ಲ. ಪಾಠ ಮುಗಿದಿಲ್ಲವೆಂದು ಗಣಿತದ ಮೇಷ್ಟರು ಲ್ಯಾಬ್ ಪೀರಿಯಡ್ ಕೇಳಿ ಪಡೆಯುವುದರಿಂದ.

ಅಭ್ಯಾಸಕ್ಕೆ ಇಂಟರ್‌ನೆಟ್ ಕೂಡ ಕಡ್ಡಾಯವಲ್ಲ. ಮೂಡಲ್ ಎಂಬ ಉಚಿತ ತಂತ್ರಾಂಶವನ್ನು ಲ್ಯಾಬಿನ ಒಂದು ಯಂತ್ರದಲ್ಲಿ ಹಾಕಿದರೆ, ಅದೇ ಸರ್ವರ್ ಆಗಿ ಉಳಿದ ಯಂತ್ರಗಳಿಗೆ ಪ್ರಶ್ನೆ ಕಳಿಸುತ್ತದೆ. ಉಬುಂಟು ಇರುವ ಯಂತ್ರದಲ್ಲೂ ನಡೆಯುತ್ತದೆ. ಸಮಯ ಮಿತಿ, ಪ್ರಶ್ನೆಗಳ ಕ್ರಮ ಬದಲಿಸುವುದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದು ಎಲ್ಲವೂ ಅದರಲ್ಲಿವೆ. ಮೊದಲ ಸಲ ಹೊಂದಿಸುವುದು ಸ್ವಲ್ಪ ಕಷ್ಟದ ಕೆಲಸ. ಹಾಸನದ ಎಂಜಿನಿಯರಿಂಗ್ ಕಾಲೇಜುಗಳಾಗಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಾಹುಬಲಿ ಎಂಜಿನಿಯರಿಂಗ್ ಕಾಲೇಜಾಗಲಿ ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳನ್ನು ಒಂದು ದಿನ ಕಳಿಸಿದರೆ ತೀರುವಂಥದ್ದು. ಪ್ರಾಂಶುಪಾಲರು ಒಂದು ಪತ್ರ ಬರೆದು ಕೇಳಬಹುದು.

ಪ್ರಶ್ನೆ ಹಾಕುವಾಗ ಕನ್ನಡ ಶಾಲೆಗಳಿಗೆ ಎದುರಾಗುವ ತೊಡಕೊಂದಿದೆ. ಶಿಕ್ಷಕರ ಬಳಿ ಹತ್ತಾರು ವರ್ಷಗಳ ಪ್ರಶ್ನಕೋಠಿ ಇದೆ, ಆದರೆ ಅದು ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಆದದ್ದು. ಅದನ್ನು ನಕಲು ಮಾಡಿ ಆನ್‌ಲೈನ್ ಪರೀಕ್ಷೆಯ ಪುಟಕ್ಕೆ ಅಂಟಿಸಿದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರಬೇಕು. ತಂದ ಮೇಲೂ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ಓದಬೇಕು, ಪರಿವರ್ತನೆಯಲ್ಲಿ ಎಡವುವುದು ಅಲ್ಲಿಯೇ. ಗಣಿತದ ಸೂತ್ರಗಳನ್ನು ಚಿತ್ರವಾಗಿ ಸೇರಿಸುವುದು ಸುಲಭ. ಈ ಕೆಲಸವನ್ನು ಒಂದೊಂದು ಶಾಲೆಯೂ ಪ್ರತ್ಯೇಕವಾಗಿ ಮಾಡುವುದು ದಂಡ. ಹಾಸನದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಅಥವಾ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಷಯ ಶಿಕ್ಷಕರು ಕೂತು ಒಮ್ಮೆ ಮಾಡಿಟ್ಟರೆ ಪೆನ್‌ಡ್ರೈವ್‌ನಲ್ಲಿ ಊರೂರಿಗೆ ಹೋಗುತ್ತದೆ.

ಶಿಕ್ಷಕರಿಗೆ ಇದು ಪೂರ್ತಿ ಹೊಸ ಲೋಕವೂ ಅಲ್ಲ. 2012ರ ನಿಯಮದಂತೆ ರಾಜ್ಯ ಸರ್ಕಾರಿ ನೌಕರರಿಗೆ ಬಂದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ನಡೆದದ್ದೇ ಆನ್‌ಲೈನ್‌ನಲ್ಲಿ. ಅದನ್ನು ಬರೆದು ಪಾಸಾದವರು ಎಷ್ಟೋ ಶಾಲೆಗಳ ಸ್ಟಾಫ್ ರೂಮಿನಲ್ಲಿದ್ದಾರೆ. ಕೌಂಟ್‌ಡೌನ್ ಗಡಿಯಾರ ನೋಡಿದಾಗ ಏನಾಗುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಲು ಅವರಿಗಿಂತ ಅರ್ಹರಿಲ್ಲ.

ಯಂತ್ರವೇ ಇಲ್ಲದ ಶಾಲೆಯಲ್ಲಿ ಒಂದು ಪ್ರೊಜೆಕ್ಟರ್ ಅಥವಾ ಸ್ಮಾರ್ಟ್ ಟಿವಿ ಇದ್ದರೂ ಕೆಲಸ ನಡೆಯುತ್ತದೆ. ಪ್ರಶ್ನೆಯನ್ನು ಅದರ ಮೇಲೆ ತೋರಿಸಿ, ನಿಗದಿತ ಸಮಯದ ನಂತರ ತೆಗೆದು, ಮುಂದಿನದಕ್ಕೆ ಹೋಗುವುದು. ಮೌಸ್ ಅಭ್ಯಾಸ ಇದರಿಂದ ಸಿಗದು, ಆದರೆ ಪರದೆಯಿಂದ ಓದಿ ಹಾಳೆಯಲ್ಲಿ ಲೆಕ್ಕ ಮಾಡುವ ಅಭ್ಯಾಸ ಸಿಗುತ್ತದೆ. ಮೊಬೈಲ್‌ನಲ್ಲಿ ಮಾದರಿ ಪರೀಕ್ಷೆ ಬರೆಯುವುದಕ್ಕಿಂತ ಇದೇ ವಾಸಿ. ಬೆರಳಿನಿಂದ ಉಜ್ಜುವ ಸಣ್ಣ ಪರದೆಗೂ ಮೇಜಿನ ಮೇಲಿನ ಪರದೆಗೂ ಕಣ್ಣಿನ ಓಟವೇ ಬೇರೆ. ಮೊಬೈಲ್ ವಿಷಯ ಮನನಕ್ಕೆ ಸಾಕು, ಪರೀಕ್ಷಾ ತಾಲೀಮಿಗೆ ಸಾಲದು.

ಕಣ್ಣು ಪರದೆಯಲ್ಲಿ, ಕೈ ಹಾಳೆಯಲ್ಲಿ

ಕಾಗದದ ಪ್ರಶ್ನೆಪತ್ರಿಕೆಯಲ್ಲಿ ವಿದ್ಯಾರ್ಥಿ ಪದಕ್ಕೆ ಅಡಿಗೆರೆ ಎಳೆಯುತ್ತಾನೆ, ಚಿತ್ರದ ಮೇಲೆಯೇ ಕೋನ ಗುರುತಿಸುತ್ತಾನೆ, ಪಕ್ಕದ ಅಂಚಿನಲ್ಲಿ ಕೂಡಿಸಿ ಕಳೆಯುತ್ತಾನೆ. ಪರದೆಯ ಮೇಲೆ ಇದೊಂದೂ ಆಗದು. ಕೇಂದ್ರದಲ್ಲಿ ಕೊಡುವ ರಫ್ ಹಾಳೆಯೇ ಎಲ್ಲದಕ್ಕೂ ಆಸರೆ. ಇದನ್ನು ಬಳಸುವ ಕ್ರಮವನ್ನು ಕಲಿಸದಿದ್ದರೆ ಉಳಿದ ತಯಾರಿ ವ್ಯರ್ಥ ಎಂದರೂ ತಪ್ಪಿಲ್ಲ. ಹಾಳೆಯನ್ನು ನಡುವೆ ಮಡಚಿ ಎರಡು ಕಂಬ ಮಾಡಿಕೊಳ್ಳುವುದು, ಪ್ರತಿ ಲೆಕ್ಕದ ಮುಂದೆ ಪ್ರಶ್ನೆ ಸಂಖ್ಯೆ ಬರೆಯುವುದು, ದತ್ತಾಂಶವನ್ನು ಏಕಮಾನ ಸಮೇತ ಇಳಿಸಿಕೊಳ್ಳುವುದು, ಚಿತ್ರವನ್ನು ಒರಟಾಗಿಯಾದರೂ ಬರೆದುಕೊಳ್ಳುವುದು, ಕೊನೆಯ ಉತ್ತರಕ್ಕೆ ಸುತ್ತು ಹಾಕುವುದು. ಪ್ರಶ್ನೆ ಸಂಖ್ಯೆ ಇಲ್ಲದ ಲೆಕ್ಕಕ್ಕೆ ಮತ್ತೆ ಮರಳಿದಾಗ ಅದು ಯಾವುದೆಂದು ಹುಡುಕುವುದರಲ್ಲೇ ನಿಮಿಷಗಳು ಸೋರುತ್ತವೆ. ಪರದೆಯಿಂದ ಹಾಳೆಗೆ ಇಳಿಸುವಾಗ ಋಣ ಚಿಹ್ನೆ, ದಶಮಾಂಶ ಬಿಂದು, ಘಾತ ಸಂಖ್ಯೆಗಳು ಜಾರುತ್ತವೆ. ಹಾಗಾಗಿ ಇಳಿಸಿದ್ದನ್ನು ಒಮ್ಮೆ ಪರದೆಗೆ ಹೋಲಿಸಿ ನೋಡಿ ನಂತರ ಲೆಕ್ಕ ಶುರು ಮಾಡಬೇಕು. ಹಾಳೆಯ ಮೇಲೆ ಹೆಸರು, ಸಂಖ್ಯೆ ಬರೆದು, ಹೊರಡುವಾಗ ಕೇಂದ್ರದಲ್ಲೇ ಹಿಂದಿರುಗಿಸಬೇಕು.

ಈ ಅಭ್ಯಾಸ ಎಂಟನೇ ತರಗತಿಯಲ್ಲೇ ಆರಂಭವಾಗಬಹುದು. ಪಿಯುಸಿಯಲ್ಲಿ ಪಾಠದ ಹೊರೆಯೇ ಸಾಕಷ್ಟಿರುವಾಗ ಕೈಗೂ ಹೊಸ ಪಾಠ ಹೇಳುವುದು ತಡವಾಗುತ್ತದೆ.

ಜೆಇಇ ಮೇನ್‌ನಲ್ಲಿ ಒಂದೊಂದು ವಿಷಯಕ್ಕೂ 20 ಬಹು ಆಯ್ಕೆಯ ಪ್ರಶ್ನೆ, 5 ಸಂಖ್ಯಾರೂಪದ ಉತ್ತರದ ಪ್ರಶ್ನೆ ಇರುತ್ತವೆ. ಎರಡನೆಯ ಬಗೆಯಲ್ಲಿ ಆಯ್ಕೆಗಳಿಲ್ಲ, ಪರದೆಯ ಮೇಲೆ ಮೂಡುವ ಅಂಕಿಗಳ ಫಲಕವನ್ನು ಮೌಸ್‌ನಿಂದ ಒತ್ತಿ ಉತ್ತರ ತುಂಬಬೇಕು. ಕೀಬೋರ್ಡ್ ಮುಟ್ಟುವಂತಿಲ್ಲ. ಕ್ಯಾಲ್ಕುಲೇಟರ್ ಇಲ್ಲ. 2025ರಿಂದ ಈ ಪ್ರಶ್ನೆಗಳಲ್ಲಿ ಆಯ್ಕೆಯ ಅವಕಾಶವೂ ಹೋಗಿ ಐದಕ್ಕೆ ಐದೂ ಕಡ್ಡಾಯವಾಗಿವೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ.

ವೇಗದ ಲೆಕ್ಕ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಜೆಇಇ ಮೇನ್‌ನಲ್ಲಿ 75 ಪ್ರಶ್ನೆಗೆ 180 ನಿಮಿಷ, ಅಂದರೆ ಒಂದಕ್ಕೆ ಎರಡು ನಿಮಿಷ 24 ಸೆಕೆಂಡು. ಸಿಯುಇಟಿಯಲ್ಲಿ 50 ಪ್ರಶ್ನೆಗೆ ಒಂದು ಗಂಟೆ, ಕಾಮೆಡ್-ಕೆಯಲ್ಲಿ 180 ಪ್ರಶ್ನೆಗೆ ಮೂರು ಗಂಟೆ. ಕಾಮೆಡ್-ಕೆ ಮತ್ತು ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬಾರದು. ಜೆಇಇ, ಸಿಯುಇಟಿಯಲ್ಲಿ ಕಳೆಯುತ್ತಾರೆ, ಊಹೆಗೆ ಬೆಲೆ ತೆರಬೇಕು. ಒಂದೇ ತಿಂಗಳಲ್ಲಿ ಎರಡು ಮೂರು ಪರೀಕ್ಷೆ ಬರೆಯುವ ವಿದ್ಯಾರ್ಥಿ ಒಂದರ ನಿಯಮವನ್ನು ಇನ್ನೊಂದಕ್ಕೆ ಹಾಕಿ ಕೆಡುವುದುಂಟು. ಲ್ಯಾಬಿನ ಗೋಡೆಯ ಮೇಲೆ ಈ ನಿಯಮಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸುವುದು ಖರ್ಚಿಲ್ಲದ ಉಪಾಯ.

ಕನ್ನಡದಲ್ಲಿ ಪ್ರಶ್ನೆಪತ್ರಿಕೆ

ಜೆಇಇ ಮೇನ್ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತಿದೆ. ಸಿಯುಇಟಿಯೂ 13 ಭಾಷೆಗಳಲ್ಲಿದೆ, ಅದರಲ್ಲಿ ಕನ್ನಡವನ್ನು ಒಂದು ಭಾಷಾ ವಿಷಯವಾಗಿಯೂ ಬರೆಯಬಹುದು. ಕಾಮೆಡ್-ಕೆ ಇಂಗ್ಲಿಷ್‌ನಲ್ಲಿ ಮಾತ್ರ. ಜೆಇಇಯಲ್ಲಿ ಕನ್ನಡ ಆರಿಸಿಕೊಂಡವರಿಗೆ ಪರದೆಯ ಮೇಲೆ ಇಂಗ್ಲಿಷ್ ಪ್ರಶ್ನೆಯೂ ಸಿಗುತ್ತದೆ, ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ರೂಪವೇ ಅಂತಿಮ. ಅರ್ಜಿಯಲ್ಲಿ ಆರಿಸಿದ ಭಾಷೆಯನ್ನು ಪರೀಕ್ಷೆಯ ದಿನ ಬದಲಿಸಲಾಗದು.

ಆರಿಸಬೇಕೇ ಬೇಡವೇ ಎಂಬುದು ಸುಲಭದ ಪ್ರಶ್ನೆಯಲ್ಲ. ಅರಕಲಗೂಡು, ಹೊಳೆನರಸೀಪುರದ ಹಳ್ಳಿಗಳಿಂದ ಬರುವ ಬಹಳಷ್ಟು ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನವನ್ನು ಇಂಗ್ಲಿಷ್‌ನಲ್ಲಿ ಓದುತ್ತಾರೆ. ‘ವೇಗೋತ್ಕರ್ಷ’ ಅವರಿಗೆ ಪ್ರೌಢಶಾಲೆಯಿಂದ ಗೊತ್ತು, ಆದರೆ ಅವಕಲನ, ಅನುಕಲನದ ಮುಂದಿನ ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಕೇಳಿಯೇ ಇರುವುದಿಲ್ಲ. ದೀರ್ಘ ವಾಕ್ಯಗಳ ಪ್ರಶ್ನೆಯ ಸಂದರ್ಭ ಹಿಡಿಯಲು ಕನ್ನಡ ನೆರವಾಗುತ್ತದೆ, ಪದದ ಮೇಲೆ ನಿಂತ ಪ್ರಶ್ನೆಯಲ್ಲಿ ಇಂಗ್ಲಿಷ್ ನೆರವಾಗುತ್ತದೆ. ಎರಡೂ ಕಾಣುವ ಅನುಕೂಲವೇ ಇಲ್ಲಿ ದೊಡ್ಡದು. ಎರಡು ಮಾದರಿ ಪ್ರಶ್ನೆಪತ್ರಿಕೆಗಳನ್ನು ಎರಡು ಭಾಷೆಯಲ್ಲಿ ಬರೆಸಿ, ಯಾವುದರಲ್ಲಿ ಓದಲು ಕಡಿಮೆ ಸಮಯ ಹಿಡಿಯಿತೆಂದು ನೋಡಿ ನಿರ್ಧರಿಸುವುದು ಒಳ್ಳೆಯದು. ಎನ್‌ಟಿಎ ತಾಣದಲ್ಲಿ ಮಾದರಿ ಪರೀಕ್ಷೆಗಳು, ಹಿಂದಿನ ಪ್ರಶ್ನೆಪತ್ರಿಕೆಗಳು ಉಚಿತವಾಗಿವೆ. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ 2023ರಲ್ಲಿ ಆರಂಭಿಸಿದ ‘ಸಾಥಿ’ ತಾಣದಲ್ಲೂ ಪಾಠ, ಅಭ್ಯಾಸ ಪರೀಕ್ಷೆಗಳು ಸಿಗುತ್ತವೆ.

ದೃಷ್ಟಿ ದೋಷ ಅಥವಾ ಕೈಯ ತೊಂದರೆ ಇರುವ ಅಂಗವಿಕಲ ವಿದ್ಯಾರ್ಥಿಗಳಿಗೆ ಬರಹಗಾರರ ನೆರವು, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯ ಸಿಗುತ್ತದೆ. ಅದನ್ನು ಅರ್ಜಿಯಲ್ಲೇ ನಮೂದಿಸಬೇಕು, ಪ್ರಮಾಣಪತ್ರ ಮೊದಲೇ ಕೈಯಲ್ಲಿರಬೇಕು. ಕೊನೆಯ ವಾರ ಜಿಲ್ಲಾಸ್ಪತ್ರೆಗೆ ಓಡಿದರೆ ಕೆಲಸ ಆಗುವುದಿಲ್ಲ.

ಅರ್ಜಿ, ಪ್ರಯಾಣ, ಪರೀಕ್ಷೆಯ ದಿನ

ಗ್ರಾಮೀಣ ವಿದ್ಯಾರ್ಥಿ ಪರೀಕ್ಷೆ ಕಳೆದುಕೊಳ್ಳುವುದು ಹಲವು ಸಲ ಲ್ಯಾಬಿನಲ್ಲಲ್ಲ, ಸೈಬರ್ ಸೆಂಟರಿನಲ್ಲಿ. ಅರ್ಜಿ ತುಂಬುವವರು ಆತುರಕ್ಕೆ ತಮ್ಮದೇ ಮೊಬೈಲ್ ಸಂಖ್ಯೆ, ತಮ್ಮದೇ ಇಮೇಲ್ ಹಾಕಿಬಿಡುತ್ತಾರೆ. ಮುಂದೆ ಒಟಿಪಿ, ಪ್ರವೇಶ ಪತ್ರದ ಸೂಚನೆ, ತಿದ್ದುಪಡಿಯ ಅವಕಾಶ ಎಲ್ಲವೂ ಆ ಅಂಗಡಿಯ ಫೋನಿಗೇ ಹೋಗುತ್ತವೆ. ಸಂಖ್ಯೆ ವಿದ್ಯಾರ್ಥಿಯದ್ದೋ ಅಪ್ಪ ಅಮ್ಮನದ್ದೋ ಇರಬೇಕು, ಪರೀಕ್ಷೆ ಮುಗಿದು ಕೌನ್ಸೆಲಿಂಗ್ ಆಗುವವರೆಗೆ ಆ ಸಿಮ್ ಬದಲಾಗಬಾರದು. ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಒಂದರಲ್ಲಿ ಊರ ಹೆಸರು ಸೇರಿದ್ದು ಇನ್ನೊಂದರಲ್ಲಿ ಇಲ್ಲದ್ದು ನಮ್ಮ ಕಡೆ ಮಾಮೂಲು. ಆಧಾರ್ ತಿದ್ದುಪಡಿಗೆ ದಿನಗಳು ಹಿಡಿಯುವುದರಿಂದ ಪ್ರಥಮ ಪಿಯು ದಾಖಲಾತಿಯ ವೇಳೆಯಲ್ಲೇ ಕಾಲೇಜು ಇದನ್ನು ಹೋಲಿಸಿ ನೋಡಬೇಕು. ಈ ಎಲ್ಲ ಕೆಲಸವನ್ನು ಕಾಲೇಜಿನ ಲ್ಯಾಬಿನಲ್ಲೇ, ಒಬ್ಬ ಉಪನ್ಯಾಸಕರ ಎದುರು ಎರಡು ದಿನ ಕೂರಿಸಿ ಮಾಡಿಸಿದರೆ ಅರ್ಧಕ್ಕರ್ಧ ತಪ್ಪು ನಿಲ್ಲುತ್ತದೆ.

ಜೆಇಇ ಮೇನ್ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಸಲ ನಡೆಯುತ್ತದೆ. ಎರಡೂ ಬರೆಯಬಹುದು, ಹೆಚ್ಚು ಬಂದದ್ದನ್ನು ಪರಿಗಣಿಸುತ್ತಾರೆ. ಪರೀಕ್ಷಾ ನಗರಗಳ ಪಟ್ಟಿಯಲ್ಲಿ ಹಾಸನವೂ ಇದೆ. ಅರ್ಜಿಯಲ್ಲಿ ನಾಲ್ಕು ನಗರಗಳನ್ನು ಆದ್ಯತೆಯ ಮೇಲೆ ಕೊಡಬೇಕು. ಹಾಸನ ಮೊದಲಿಟ್ಟರೂ ಸ್ಥಳ ತುಂಬಿದರೆ ಮೈಸೂರು, ಚಿಕ್ಕಮಗಳೂರು, ತುಮಕೂರಿನಂಥ ಕಡೆ ಬೀಳಬಹುದು, ಆದ್ದರಿಂದ ಉಳಿದ ಮೂರನ್ನೂ ಬಸ್ಸಿನ ಅನುಕೂಲ ನೋಡಿಯೇ ಬರೆಯಬೇಕು. ಯಾವ ನಗರ ಎಂಬ ಚೀಟಿ ಮೊದಲು ಬರುತ್ತದೆ, ಕೇಂದ್ರದ ವಿಳಾಸವಿರುವ ಪ್ರವೇಶ ಪತ್ರ ಕೆಲವೇ ದಿನ ಮುಂಚೆ.

ಬೆಳಗಿನ ಪಾಳಿ 9ಕ್ಕೆ, ಮಧ್ಯಾಹ್ನದ್ದು 3ಕ್ಕೆ. ಗೇಟು ಅರ್ಧ ಗಂಟೆ ಮೊದಲೇ ಮುಚ್ಚುತ್ತದೆ, ತಪಾಸಣೆ, ಬೆರಳಚ್ಚಿನ ಸಾಲು ಕಳೆಯಲು ಇನ್ನೂ ಒಂದು ಗಂಟೆ ಬೇಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನದಿಂದ 30–40 ಕಿಲೋಮೀಟರ್ ಆಸುಪಾಸಿನಲ್ಲಿವೆ, ದೂರ ಹೆಚ್ಚಲ್ಲ. ತಾಲ್ಲೂಕು ಕೇಂದ್ರದ ಆಚೆಯ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ಎಂಬುದೇ ಪ್ರಶ್ನೆ. ಹೊಳೆನರಸೀಪುರ, ಚನ್ನರಾಯಪಟ್ಟಣಕ್ಕೆ ರೈಲಿದೆ, ಅರಕಲಗೂಡಿಗೆ ಅದೂ ಇಲ್ಲ. ರಾಮನಾಥಪುರ, ಕೊಣನೂರಿನ ಕಡೆಯ ವಿದ್ಯಾರ್ಥಿಗಳು ಹಿಂದಿನ ರಾತ್ರಿಯೇ ಹಾಸನದಲ್ಲಿ ನೆಂಟರ ಮನೆಗೋ ಹಾಸ್ಟೆಲಿಗೋ ಬರುವುದು ಕ್ಷೇಮ. ಒಂದೇ ಪಾಳಿಗೆ ಐದಾರು ಮಂದಿ ಇದ್ದರೆ ಕಾಲೇಜೇ ಗಾಡಿ ಗೊತ್ತು ಮಾಡಬಹುದು.

ಒಯ್ಯಬೇಕಾದ್ದು ಪ್ರವೇಶ ಪತ್ರದ ಮುದ್ರಿತ ಪ್ರತಿ, ಮೂಲ ಗುರುತಿನ ಚೀಟಿ, ಅರ್ಜಿಯಲ್ಲಿರುವಂಥದ್ದೇ ಫೋಟೊ, ಪಾರದರ್ಶಕ ಬಾಲ್‌ಪೆನ್, ನೀರಿನ ಬಾಟಲಿ. ಉಂಗುರ, ಸರ, ದಪ್ಪ ಅಟ್ಟೆಯ ಶೂ ಬೇಡ. ಕೂತ ಕೂಡಲೇ ಪರದೆಯ ಮೇಲಿರುವ ಹೆಸರು, ಫೋಟೊ, ವಿಷಯ, ಭಾಷೆ ತನ್ನದೇ ಎಂದು ನೋಡಬೇಕು, ಮೌಸ್ ಸರಿಯಿಲ್ಲದಿದ್ದರೆ ಗಡಿಯಾರ ಓಡುವ ಮೊದಲೇ ಹೇಳಬೇಕು. ಇಡೀ ಕೇಂದ್ರವೇ ಕೈಕೊಡುವುದೂ ಉಂಟು: 2022ರ ಆಗಸ್ಟ್‌ನಲ್ಲಿ ತಾಂತ್ರಿಕ ತೊಂದರೆಯಿಂದ ಹಲವು ಕೇಂದ್ರಗಳಲ್ಲಿ ಸಿಯುಇಟಿ ರದ್ದಾಗಿ ಬೇರೆ ದಿನ ನಡೆಯಿತು. ಅಂಥ ಸಂದರ್ಭದಲ್ಲಿ ಕೇಂದ್ರ ಬಿಟ್ಟು ಹೊರಡುವ ಮುನ್ನ ಹಾಜರಿ ದಾಖಲಾಗಿರುವುದನ್ನು ಖಚಿತ ಮಾಡಿಕೊಂಡು, ಅಧಿಕೃತ ತಾಣದ ಸೂಚನೆಯನ್ನಷ್ಟೇ ನಂಬಬೇಕು. ಹಣ ಕೊಟ್ಟರೆ ಪ್ರಶ್ನೆಪತ್ರಿಕೆ ಸಿಗುತ್ತದೆ, ಕೇಂದ್ರ ಬದಲಿಸಿ ಕೊಡುತ್ತೇವೆ ಎನ್ನುವ ಕರೆಗಳು ಪರೀಕ್ಷೆಯ ವಾರ ಬರುತ್ತವೆ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಕಾಯ್ದೆಯಡಿ ಇಂಥ ದಂಧೆ ನಡೆಸುವವರಿಗೆ ಕನಿಷ್ಠ ಮೂರು ವರ್ಷ ಜೈಲು.

ಪರೀಕ್ಷೆ ಮುಗಿದ ಮೇಲೆ

ಕಾಗದದ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಮನೆಗೆ ತಂದು ಉತ್ತರ ಹೋಲಿಸಬಹುದಿತ್ತು. ಎನ್‌ಟಿಎಯ ಕಂಪ್ಯೂಟರ್ ಪರೀಕ್ಷೆಗಳಲ್ಲಿ ಕೆಲವು ದಿನಗಳ ನಂತರ ವಿದ್ಯಾರ್ಥಿಯ ಖಾತೆಯಲ್ಲಿ ಪ್ರಶ್ನೆಗಳು, ಅವನು ಉಳಿಸಿದ ಉತ್ತರಗಳು ಮತ್ತು ತಾತ್ಕಾಲಿಕ ಕೀ ಉತ್ತರ ಪ್ರಕಟವಾಗುತ್ತವೆ. ಕೀ ಉತ್ತರ ತಪ್ಪೆನಿಸಿದರೆ ಪ್ರಶ್ನೆಯೊಂದಕ್ಕೆ 200 ರೂಪಾಯಿ ಕಟ್ಟಿ ಆಕ್ಷೇಪಿಸಬಹುದು, ಹಣ ವಾಪಸಾಗುವುದಿಲ್ಲ. ಎರಡು ಮೂರು ದಿನಗಳ ಗಡುವಿರುವುದರಿಂದ ವಿಷಯ ಉಪನ್ಯಾಸಕರು ಆ ಹೊತ್ತಿಗೆ ಸಿಗುವಂತಿರಬೇಕು. ಒಬ್ಬರು ಆಕ್ಷೇಪಿಸಿ ಕೀ ಬದಲಾದರೆ ಅದೇ ಪಾಳಿಯ ಎಲ್ಲರಿಗೂ ಅನ್ವಯವಾಗುತ್ತದೆ, ಹಾಗಾಗಿ ಒಂದೇ ಪ್ರಶ್ನೆಗೆ ಹತ್ತು ವಿದ್ಯಾರ್ಥಿಗಳು ಹಣ ಕಟ್ಟಬೇಕಿಲ್ಲ. ಈ ಉತ್ತರ ದಾಖಲೆಯನ್ನು ಇಳಿಸಿ ಮುದ್ರಿಸಿಟ್ಟರೆ ಮುಂದಿನ ವರ್ಷದವರ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆಯಿಲ್ಲ.

ಜೆಇಇ ಮೇನ್ ಫಲಿತಾಂಶದಲ್ಲಿ ಬರುವುದು ಶೇಕಡಾವಾರು ಅಂಕವಲ್ಲ, ಪರ್ಸೆಂಟೈಲ್. ಬೇರೆ ಬೇರೆ ಪಾಳಿಗೆ ಬೇರೆ ಬೇರೆ ಪ್ರಶ್ನೆಪತ್ರಿಕೆ ಇರುವುದರಿಂದ ಕಷ್ಟ, ಸುಲಭಗಳನ್ನು ಸರಿದೂಗಿಸಲು ಈ ವಿಧಾನ. ಒಂದು ಪಾಳಿಯಲ್ಲಿ 50,000 ಮಂದಿ ಬರೆದು, ಅವರಲ್ಲಿ 47,500 ಮಂದಿ ಒಬ್ಬ ವಿದ್ಯಾರ್ಥಿಯಷ್ಟೇ ಅಥವಾ ಅವನಿಗಿಂತ ಕಡಿಮೆ ಅಂಕ ಪಡೆದಿದ್ದರೆ ಅವನ ಪರ್ಸೆಂಟೈಲ್ 95. ಅವನಿಗೆ 300ಕ್ಕೆ 285 ಬಂದಿದೆ ಎಂದು ಇದರ ಅರ್ಥವಲ್ಲ, 120–130 ಬಂದಿದ್ದರೂ ಇದು ಸಾಧ್ಯ. ಮಗನಿಗೆ 95 ಬಂದರೂ ಸೀಟು ಸಿಗಲಿಲ್ಲವೆಂದು ಕೊರಗುವ ಪೋಷಕರಿಗೆ, ಕಾಲೇಜು ಪೋಷಕರ ಸಭೆಯನ್ನು ಫಲಿತಾಂಶದ ನಂತರವಲ್ಲ, ಮೊದಲೇ ಕರೆದು ಕಪ್ಪು ಹಲಗೆಯ ಮೇಲೆ ಈ ಲೆಕ್ಕವನ್ನು ಬಿಡಿಸಿ ತೋರಿಸಬೇಕು.